ಹೊಳೆ ಹಿಡಿದು ಪಟ್ಟಣ ನೋಡುವುದು

(ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ಶ್ರೀರಂಗಪಟ್ಟಣ ನೋಡದವರು ಯಾರಾದರೂ ಇದ್ದರೆ ಕೈ ಎತ್ತಿ.

ಒಂದು ಕೈಯೂ ಇಲ್ಲ. ಇರುವುದೂ ಇಲ್ಲ, ಗೊತ್ತಿತ್ತು. ಸ್ಕೂಲಿನ ಪ್ರವಾಸದಲ್ಲಿ ಒಂದು ಸಲ, ಮದುವೆಯಾದ ಹೊಸದರಲ್ಲಿ ನಿಮಿಷಾಂಬನ ಗುಡಿಗೆ ಒಂದು ಸಲ, ಮನೆಯ ಹಿರಿಯರು ತೀರಿಕೊಂಡಾಗ ಅಸ್ಥಿ ಬಿಡಲು ಒಂದು ಸಲ. ಹಳೇ ಮೈಸೂರು ಕಡೆಯವರು ಪಟ್ಟಣಕ್ಕೆ ಮೂರು ಸಲವಾದರೂ ಹೋಗಿಯೇ ಇರುತ್ತೇವೆ. ಸರಿ, ಎರಡನೇ ಪ್ರಶ್ನೆ. ಅಲ್ಲಿ ಹೊಳೆಯನ್ನು ಎಲ್ಲಿ ನೋಡಿದಿರಿ? ಸಂಗಮ ಅಂತ ನಾಲ್ಕೈದು ಜನ ಹೇಳಿದಿರಿ. ಸಂಗಮ ಬಿಟ್ಟರೆ?

ಈಗ ಸುಮ್ಮನಾದಿರಲ್ಲ, ಇವತ್ತು ನಾನು ಮಾತಾಡಬೇಕೆಂದಿರುವುದು ಅದನ್ನೇ. ಪಟ್ಟಣದ ಸುತ್ತ ನೀರಿದೆ. ಕಾವೇರಿ ಎರಡು ಸೀಳಾಗಿ ಹರಿದು, ಸುಮಾರು ಐದು ಕಿಲೋಮೀಟರ್ ಉದ್ದದ ನೆಲವನ್ನು ತಬ್ಬಿಕೊಂಡು, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಅಂಥ ದ್ವೀಪಕ್ಕೆ ಹೋಗಿ ನಾವು ನೀರನ್ನೇ ನೋಡದೆ ವಾಪಸ್ಸು ಬರುತ್ತೇವೆ. ತಪ್ಪು ನಮ್ಮದಲ್ಲ, ನಮಗೆ ತೋರಿಸಿದವರು ಹಾಗೆ ತೋರಿಸಿದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಸೀಟಿ ಊದುತ್ತಾ ಒಂದು ದಿನಕ್ಕೆ ಏಳು ಜಾಗ ತೋರಿಸಿದರು. ಬಸ್ಸು ಹತ್ತು, ಬಸ್ಸು ಇಳಿ, ಸಾಲಾಗಿ ನಿಲ್ಲು, ಎಣಿಸು. ನನಗೆ ಅವತ್ತಿನದು ಉಳಿದಿರುವುದು ಗುಂಬಜ್‌ ಮುಂದೆ ತಿಂದ ಉಪ್ಪುಖಾರ ಹಚ್ಚಿದ ಸೌತೆಕಾಯಿ ಮಾತ್ರ. ನಾನು ಪಾಂಡವಪುರದ ಕಡೆಯವನು. ಪಟ್ಟಣ ನಮಗೆ ಪಕ್ಕದೂರು. ಆದರೂ ಅದನ್ನು ನಿಜವಾಗಿ ನೋಡಲು ಶುರುಮಾಡಿದ್ದು ಸೈಕಲ್‌ ಬಂದ ಮೇಲೆ, ಹೊಳೆಯ ಅಂಚಿನ ಕಾಲುದಾರಿಗಳು ಸಿಕ್ಕ ಮೇಲೆ.

ಹೊಳೆಯ ಜೊತೆ ಹೋದರೆ ಅಲ್ಲಿನ ಒಂದೊಂದು ಕಲ್ಲೂ ಯಾಕೆ ಅಲ್ಲೇ ಇದೆ ಅನ್ನುವುದು ತಿಳಿಯುತ್ತದೆ. ರಂಗನಾಥನನ್ನೇ ತೆಗೆದುಕೊಳ್ಳಿ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ಕಾವೇರಿಯ ದ್ವೀಪಗಳೇ. ಹಾಲ್ಗಡಲಲ್ಲಿ ಮಲಗಿದವನಿಗೆ ನಮ್ಮ ಜನ ಹೊಳೆ ಎರಡಾಗುವ ಜಾಗಗಳನ್ನೇ ಹುಡುಕಿ ಹಾಸಿಗೆ ಹಾಕಿದ್ದಾರೆ. ಪಟ್ಟಣದ ಗುಡಿ ಗಂಗರ ಕಾಲದ್ದು, 894ರಲ್ಲಿ ತಿರುಮಲಯ್ಯನೆಂಬ ಸಾಮಂತ ಕಟ್ಟಿಸಿದ್ದು. ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು ಎಲ್ಲರೂ ಕೈ ಹಚ್ಚಿದ್ದಾರೆ. ಒಳಗೆ ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳನ್ನು ಕೆತ್ತಿದ ಕಂಬಗಳಿವೆ. ದರ್ಶನದ ಕ್ಯೂ ನಿಮ್ಮನ್ನು ಅವುಗಳ ಪಕ್ಕದಲ್ಲೇ ತಳ್ಳಿಕೊಂಡು ಹೋಗುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಟಿಪ್ಪು ಕೊಟ್ಟ ಬೆಳ್ಳಿ ಪಾತ್ರೆಗಳೂ ಈ ದೇವಸ್ಥಾನದ್ದೇ.

ಟಿಪ್ಪು ಹೆಸರು ಬಂದ ಕೂಡಲೇ ಹಿಂದಿನ ಸಾಲಿನಲ್ಲಿ ಇಬ್ಬರು ಸರಿಯಾಗಿ ಕೂತರು, ನೋಡಿದೆ. ಆ ಜಗಳ ಇವತ್ತು ಬೇಡ. ನಾನು ಬಂದಿರುವುದು ಹೊಳೆ ವಿಷಯ ಹೇಳಲು.

ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಪಟ್ಟಣ ವಶಪಡಿಸಿಕೊಂಡಿದ್ದು 1610ರಲ್ಲಿ. ನಾಡಹಬ್ಬ ಅಂತ ಈಗ ನಾವು ಮೈಸೂರಿನಲ್ಲಿ ನೋಡುವ ದಸರಾ ಮೊದಲು ನಡೆದದ್ದು ಆ ವರ್ಷ, ಇಲ್ಲೇ. ಅಲಮೇಲಮ್ಮನ ಶಾಪದ ಕತೆ ಹುಟ್ಟಿದ್ದೂ ಆಗಲೇ. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ' ಅಂದಳಂತೆ. ಗಮನಿಸಿ, ಆ ಶಾಪದಲ್ಲಿ ಮರಳು, ಮಡು ಎರಡೂ ಹೊಳೆ ಮಾಡುವ ಕೆಲಸಗಳೇ.

ಆಮೇಲೆ ಕಂಠೀರವ ನರಸರಾಜ ಒಡೆಯರು. ಕೋಟೆಯೊಳಗಿನ ನರಸಿಂಹಸ್ವಾಮಿ ಗುಡಿ ಕಟ್ಟಿಸಿದವರು ಅವರು. ಅವರದೇ ಒಂದು ವಿಗ್ರಹವೂ ಆ ಗುಡಿಯಲ್ಲಿದೆ, ಮೈಕಟ್ಟು ನೋಡಿದರೆ ಗರಡಿಯಲ್ಲಿ ಸಾಮು ಮಾಡಿದವರು ಅನ್ನುವುದು ಗೊತ್ತಾಗುತ್ತದೆ. ರಂಗನಾಥನನ್ನು ನೋಡಲು ಬಂದ ನೂರು ಜನರಲ್ಲಿ ಹತ್ತು ಜನ ಆ ಕಡೆ ಹೋದರೆ ಹೆಚ್ಚು. ನನಗೆ ಕಂಠೀರವರ ಮೇಲೆ ವಿಶ್ವಾಸ ಬೇರೆ ಕಾರಣಕ್ಕೆ. 1645ರಿಂದ 1648ರ ನಡುವೆ ಅವರು ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಿಸಿದರು. ಬಂಗಾರದೊಡ್ಡಿ ನಾಲೆ ಅಂತೀವಲ್ಲ, ಅದು ಅಲ್ಲಿಂದ ಹೊರಡುತ್ತದೆ. ಆ ನಾಲೆಯ ನೀರು ಹೊಳೆಯ ಮೇಲೆಯೇ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ಬರುತ್ತದೆ. ಕೆಳಗೂ ಕಾವೇರಿ, ಮೇಲೂ ಕಾವೇರಿ! ಕಟ್ಟೆ ಹಾಕಿದ್ದರಿಂದ ಮೇಲ್ಗಡೆ ನೀರು ನಿಂತು ಸಣ್ಣ ಸಣ್ಣ ತಿಟ್ಟುಗಳು ಉಳಿದವು. ತಿಟ್ಟುಗಳ ಮರಗಳಿಗೆ ಹಕ್ಕಿ ಬಂದವು. ಹಕ್ಕಿ ನೋಡಲು ಪಕ್ಷಿತಜ್ಞ ಸಲೀಂ ಅಲಿ ಬಂದರು. ಅವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ರಂಗನತಿಟ್ಟು ಅಂದರೆ ಇಷ್ಟೇ, ಬೇಸಾಯಕ್ಕೆ ಕಟ್ಟಿದ ಕಟ್ಟೆಯ ಮಿಕ್ಕ ಲಾಭ. ದೋಣಿಯಲ್ಲಿ ಕೂತು ಮೊಸಳೆ ಎಣಿಸುವಾಗ ಕಂಠೀರವರನ್ನೂ ಒಂದು ಸಲ ನೆನೆಯಿರಿ.

ಈಗ ಕೋಟೆಗೆ ಬರೋಣ. ಪಟ್ಟಣದ ಕೋಟೆಗೆ ಮೊದಲ ಕಾವಲುಗಾರ ಹೊಳೆ. ಅದನ್ನು ಚೆನ್ನಾಗಿ ಕಲಿತವನು ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌, ಅದೂ ಪೆಟ್ಟು ತಿಂದು. 1791ರ ಮೇ 15ರಂದು ಅರಕೆರೆಯ ಬಳಿ ಕಾಳಗವಾಯಿತು. ಗೆದ್ದೆ ಅಂದುಕೊಂಡ. ಆದರೆ ಮಳೆ ಹಿಡಿದಿತ್ತು, ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು, ಸೈನ್ಯಕ್ಕೆ ಅಕ್ಕಿಯಿಲ್ಲ, ಕಾಯಿಲೆ ಬೇರೆ. ಮಲಬಾರಿನ ಕಡೆಯಿಂದ ಬಂದಿದ್ದ ಅಬರ್‌ಕ್ರಾಂಬಿಯ ದಂಡನ್ನು ಸೇರಿಕೊಳ್ಳಲು ಕನ್ನಂಬಾಡಿಯ ತನಕ ಹೋದ. ಆಗಲಿಲ್ಲ. ಎಳೆಯಲು ಎತ್ತಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಕ್ಕೆ ಹೊರಟ. ಮರುವರ್ಷ ಬರುವಾಗ ಬುದ್ಧಿ ಬಂದಿತ್ತು, ಫೆಬ್ರವರಿಯಲ್ಲೇ ಬಂದ. ಆ ಸಲ ಟಿಪ್ಪು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು. ಫೆಬ್ರವರಿಗೂ ಮೇಗೂ ಇರುವ ವ್ಯತ್ಯಾಸ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

1799ರಲ್ಲಿ ಬಂದ ಬ್ರಿಟಿಷ್ ಸೇನಾಪತಿ ಹ್ಯಾರಿಸ್‌ಗೆ ಈ ಕತೆಯೆಲ್ಲ ಗೊತ್ತಿತ್ತು. ಅವನದೂ ಮೇ ತಿಂಗಳೇ, ಅವನಲ್ಲೂ ಅಕ್ಕಿ ಮುಗಿಯುತ್ತಾ ಬಂದಿತ್ತು. ಹೊಳೆಗೆ ನೀರು ಬಂದರೆ ಮುಗಿಯಿತು. ಅವನು ಆರಿಸಿಕೊಂಡದ್ದು ಕೋಟೆಯ ವಾಯವ್ಯ ಮೂಲೆ. ಫಿರಂಗಿ ಹೊಡೆದು ಹೊಡೆದು ಅಲ್ಲಿ ಗೋಡೆ ಬೀಳಿಸಿದರು. ಅಲ್ಲಿ ಈಗ ಒಂದು ಎತ್ತರದ ಸ್ಮಾರಕಸ್ತಂಭವಿದೆ, ಸತ್ತ ಬ್ರಿಟಿಷ್‌ ಅಧಿಕಾರಿಗಳ ನೆನಪಿಗೆ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ್ದು. ಬಹಳ ಜನ ಅದರ ಬೆನ್ನಿಗೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಮುಂದೆ ಹೋಗಿ ಗೋಡೆಯಂಚಿನಲ್ಲಿ ಹೊಳೆಗೆ ಮುಖ ಮಾಡಿ ನಿಂತುಕೊಳ್ಳಿ.

ನಾನು ಒಂದು ವರ್ಷ ಬೇಕಂತಲೇ ಮೇ 4ಕ್ಕೆ ಹೋಗಿದ್ದೆ, ಮಧ್ಯಾಹ್ನ ಒಂದು ಗಂಟೆಗೆ. ದಾಳಿ ಶುರುವಾದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ತಲೆ ಮೇಲೆ ಟವೆಲ್‌ ಹಾಕಿಕೊಂಡರೂ ನೆತ್ತಿ ಸುಡುತ್ತಿತ್ತು. ಕೆಳಗೆ ಹೊಳೆಯಲ್ಲಿ ಬಂಡೆಗಳೇ ಹೆಚ್ಚು, ಬಂಡೆ ಸಂದಿನಲ್ಲಿ ಪಾಚಿಗಟ್ಟಿದ ನೀರು. ಒಬ್ಬ ಹೆಂಗಸು ಬಟ್ಟೆ ಗಂಟು ತಲೆಮೇಲಿಟ್ಟುಕೊಂಡು, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಆ ದಡದಿಂದ ಅರ್ಧ ಹೊಳೆಗೆ ಬಂದಳು. ಸೆರಗೂ ನೆನೆಯಲಿಲ್ಲ. ನನಗೆ ಆ ಗಳಿಗೆಯಲ್ಲಿ ನಾಲ್ಕನೇ ಮೈಸೂರು ಯುದ್ಧ ಅರ್ಥವಾಯಿತು. ಇಷ್ಟು ವರ್ಷ ಮಕ್ಕಳಿಗೆ ಕಾರಣಗಳು, ಪರಿಣಾಮಗಳು ಅಂತ ಬೋರ್ಡಿನ ಮೇಲೆ ಬರೆದಿದ್ದೆ. ಕಾರಣ ಇಲ್ಲಿ ಬಟ್ಟೆ ಒಗೆಯುತ್ತಿತ್ತು.

ಅವತ್ತು ದಾಳಿಯವರನ್ನು ಬೆಳಗಾಗುವ ಮೊದಲೇ ಕಂದಕಗಳಲ್ಲಿ ಬಚ್ಚಿಟ್ಟಿದ್ದರು. ಕೋಟೆಯವರು ಉಂಡು ಆಯಾಸ ಕಳೆಯುವ ಹೊತ್ತು ಅಂತ ನಡುಹಗಲನ್ನೇ ಆರಿಸಿದ್ದು. ಹೊಳೆ ದಾಟಿ ಗೋಡೆ ಒಡೆದ ಬಿರುಕಿನ ಮೇಲೆ ಬಾವುಟ ನೆಡಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಟಿಪ್ಪು ಊಟಕ್ಕೆ ಕೂತಿದ್ದ. ನಂಬಿಕೆಯ ಸರದಾರ ಸಯ್ಯದ್‌ ಗಫಾರ್‌ ಗುಂಡೇಟಿಗೆ ಸತ್ತ ಸುದ್ದಿ ಬಂತು, ಎಲೆ ಬಿಟ್ಟು ಎದ್ದ. ಕೋಟೆಯ ಉತ್ತರದ ಒಳಬಾಗಿಲ ಬಳಿ ಬಿದ್ದ. ಹೆಣದ ರಾಶಿಯಿಂದ ಅವನ ದೇಹವನ್ನು ಅವತ್ತು ರಾತ್ರಿ ಪಂಜಿನ ಬೆಳಕಿನಲ್ಲಿ ಹುಡುಕಿ ತೆಗೆದರು. ಆ ಜಾಗಕ್ಕೆ ಹೋದರೆ ಒಂದು ಕಲ್ಲಿದೆ, 'ಟಿಪ್ಪು ಸುಲ್ತಾನನ ದೇಹ ಸಿಕ್ಕಿದ್ದು ಇಲ್ಲಿ' ಎಂಬ ಒಂದೇ ಸಾಲು. ಸತ್ತ ಅಂತಲೂ ಇಲ್ಲ, ಮಡಿದ ಅಂತಲೂ ಇಲ್ಲ. ಅಷ್ಟು ಒಣಗಿದ ಸಾಲನ್ನು ನಾನು ಬೇರೆ ಯಾವ ಸ್ಮಾರಕದಲ್ಲೂ ಓದಿಲ್ಲ. ಮರುದಿನ ಸಂಜೆ ಶವಯಾತ್ರೆ ಗುಂಬಜ್‌ ಕಡೆ ಹೊರಟಾಗ ಗುಡುಗು ಸಿಡಿಲಿನ ಮಳೆ ಹೊಡೆಯಿತು, ಬ್ರಿಟಿಷರ ಪಾಳೆಯದಲ್ಲಿ ಸಿಡಿಲಿಗೆ ಅಧಿಕಾರಿಗಳೂ ಸತ್ತರು. ಹೊಳೆ ಕಾಯುತ್ತಿದ್ದ ಮಳೆ ಒಂದು ದಿನ ತಡವಾಗಿ ಬಂತು.

ಆ ದಾಳಿಯ ಮುಂದಾಳು ಡೇವಿಡ್‌ ಬೇರ್ಡ್‌. ಅವನಿಗೆ ಈ ಊರು ಹೊಸದಲ್ಲ. 1780ರಲ್ಲಿ ಕಂಚಿಯ ಹತ್ತಿರದ ಪೊಳ್ಳಿಲೂರಿನ ಕಾಳಗದಲ್ಲಿ ಹೈದರ್, ಟಿಪ್ಪು ಕೈಗೆ ಸೆರೆ ಸಿಕ್ಕಿ ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಬೇಡಿ ಹಾಕಿಸಿಕೊಂಡಿದ್ದವನು. ಸೆರೆಯಾಳುಗಳನ್ನು ಜೋಡಿಜೋಡಿಯಾಗಿ ಕಟ್ಟುತ್ತಿದ್ದರು. ಸುದ್ದಿ ತಿಳಿದ ಬೇರ್ಡನ ತಾಯಿ, 'ನಮ್ಮ ಹುಡುಗನ ಜೊತೆ ಕಟ್ಟಿಸಿಕೊಂಡವನ ಗತಿ ಏನು, ಪಾಪ' ಅಂದಳಂತೆ. ಹೆತ್ತವರಿಗೆ ಗೊತ್ತಿರುತ್ತದೆ.

ಬೇಯ್ಲಿ ಬಂದೀಖಾನೆ ಇದೇ ಉತ್ತರದ ಗೋಡೆಗೆ ಹತ್ತಿಕೊಂಡಿದೆ. ಇಟ್ಟಿಗೆ ಗಾರೆಯ ಕಮಾನು ಚಾವಣಿ, ಸುಮಾರು ನೂರು ಅಡಿ ಉದ್ದ. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಚಾಚಿವೆ, ಕಟ್ಟಿಹಾಕಲು ತೂತುಗಳಿವೆ. ಒಳಗೆ ಒಂದು ಫಿರಂಗಿ ಬಿದ್ದಿದೆ. ಮುತ್ತಿಗೆಯ ಗಲಾಟೆಯಲ್ಲಿ ಮೇಲಿನಿಂದ ಚಾವಣಿ ಮುರಿದುಕೊಂಡು ಬಿದ್ದದ್ದು ಅನ್ನುತ್ತಾರೆ. ಕರ್ನಲ್‌ ಬೇಯ್ಲಿ, ಪೊಳ್ಳಿಲೂರಿನಲ್ಲಿ ಸೋತ ಬ್ರಿಟಿಷ್ ದಂಡಿನ ನಾಯಕ, 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಗೈಡುಗಳು ಇಲ್ಲಿ ಕುತ್ತಿಗೆ ಮಟ್ಟದ ನೀರು, ಅದು ಇದು ಅಂತ ಹೇಳುತ್ತಾರೆ. ಕತೆ ಹೆಚ್ಚಾದಂತೆ ಭಕ್ಷೀಸೂ ಹೆಚ್ಚಾಗುತ್ತದೆ, ಅವರನ್ನು ದೂರುವುದಿಲ್ಲ. ನೀವು ಒಳಗೆ ಹೋದಾಗ ಮಾತು ನಿಲ್ಲಿಸಿ ಒಂದು ನಿಮಿಷ ಗೋಡೆಗೆ ಅಂಗೈ ಒತ್ತಿ ನೋಡಿ. ಹೊರಗೆ ಬಿಸಿಲು ಸುಡುವಾಗಲೂ ಸುಣ್ಣದ ಗೋಡೆ ತಣ್ಣಗೆ, ಸ್ವಲ್ಪ ತೇವವಾಗಿರುತ್ತದೆ. ಹೊಳೆ ಅಷ್ಟು ಹತ್ತಿರ.

ಆ ಪೊಳ್ಳಿಲೂರಿನ ಕಾಳಗವನ್ನು ದರಿಯಾ ದೌಲತ್‌ ಅರಮನೆಯ ಪಶ್ಚಿಮದ ಗೋಡೆಯ ತುಂಬ ಬರೆಸಿದ್ದಾರೆ. 1784ರ ಕಟ್ಟಡ, ತೇಗದ ಮರದ್ದು, ಹೊಳೆಯ ಪಕ್ಕದ ತೋಟದಲ್ಲಿ. ಇಲ್ಲಿ ಮಾತ್ರ ನಿಮ್ಮ ಸಮಯವನ್ನು ಧಾರಾಳವಾಗಿ ಖರ್ಚು ಮಾಡಿ. ಬಿಸಿಲಿಗೆ ಬಣ್ಣ ಮಾಸಬಾರದೆಂದು ಪರದೆ ಇಳಿಬಿಟ್ಟಿರುತ್ತಾರೆ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಫೋಟೋ ತೆಗೆಯಬಾರದು, ಒಳ್ಳೆಯದೇ ಆಯಿತು. ಮೊದಲಿಗೆ ಕುದುರೆ, ಆನೆ, ಟೊಪ್ಪಿಗೆಗಳ ಜಾತ್ರೆಯಂತೆ ಕಾಣುತ್ತದೆ. ಆಮೇಲೆ ಕೆಂಪು ಕೋಟಿನವರ ಚೌಕ ಕಾಣುತ್ತದೆ. ಅದರ ನಡುವೆ ಪಲ್ಲಕ್ಕಿ, ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ. ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ಇನ್ನೊಂದು ಕಡೆ ಫ್ರೆಂಚ್‌ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಹೈದರ್‌ ಮತ್ತು ಟಿಪ್ಪು ಮಾತ್ರ ಮದುವೆ ಮೆರವಣಿಗೆಗೆ ಹೊರಟವರಂತೆ ನಿರಾಳ. ಪೂರ್ವದ ಗೋಡೆಯಲ್ಲಿ ಬೇರೆ ಬೇರೆ ಅರಸರ ಚಿತ್ರಗಳಿವೆ, ಅವರಲ್ಲಿ ಚಿತ್ರದುರ್ಗದ ಮದಕರಿ ನಾಯಕನೂ ಒಬ್ಬ. ಹೈದರ್‌ ಅವನನ್ನು ಸೆರೆಹಿಡಿದು ತಂದದ್ದು ಈ ಊರಿಗೇ.

ಇನ್ನೂ ಒಂದು ವಿಚಿತ್ರ. ಪಟ್ಟಣ ಬಿದ್ದ ಮೇಲೆ ಈ ಮನೆಯಲ್ಲಿ ಉಳಿದುಕೊಂಡವನು ಆರ್ಥರ್‌ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಗೆದ್ದವನು. ಮಾಸಿದ್ದ ಚಿತ್ರಗಳನ್ನು ಸರಿಮಾಡಿಸಿದ. ಬ್ರಿಟಿಷರು ಸೋತ ಚಿತ್ರಕ್ಕೆ ಬ್ರಿಟಿಷನೇ ಬಣ್ಣ ಹಚ್ಚಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ಗುಂಬಜ್‌ನ ದಂತ ಕೂಡಿಸಿದ ಕರೀಮರದ ಬಾಗಿಲುಗಳೂ ಡಾಲ್‌ಹೌಸಿ ಕೊಟ್ಟವೇ. ಗುಂಬಜ್‌ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ನೋಡಿರುತ್ತೀರಿ. ಒಳಗೆ ಹೈದರ್‌, ಅವನ ಹೆಂಡತಿ ಫಕ್ರುನ್ನಿಸಾ, ಟಿಪ್ಪು ಮೂವರ ಗೋರಿಗಳು, ಗೋಡೆಗೆ ಹುಲಿಪಟ್ಟೆ. ಜಾಮಿಯಾ ಮಸೀದಿಯ ಜೋಡಿ ಮಿನಾರುಗಳು ಬೆಂಗಳೂರು ಬಾಗಿಲಿನಿಂದ ಬರುವಾಗಲೇ ಕಾಣುತ್ತವೆ.

1799ರ ಆಚೆಗೆ ಪಟ್ಟಣ ಸತ್ತಿತು ಅಂತ ಪುಸ್ತಕಗಳು ಅಲ್ಲಿಗೇ ಮುಗಿಸುತ್ತವೆ. ನನಗೆ ಆಮೇಲಿನದೇ ಹೆಚ್ಚು ಇಷ್ಟ. ರಾಜಧಾನಿ ಮೈಸೂರಿಗೆ ಹೋಯಿತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಅದರ ಹುಲಿಯ ತಲೆ ಈಗ ವಿಂಡ್ಸರ್‌ ಅರಮನೆಯಲ್ಲಿದೆ. ಲಾಲ್‌ಮಹಲ್‌ ಅರಮನೆಯನ್ನು ಕೆಡವಿದರು. ಪಟ್ಟಣದ ಅರಮನೆಯ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋಗಿ ಅಲ್ಲಿನ ಸೇಂಟ್‌ ಸ್ಟೀಫನ್ಸ್‌ ಚರ್ಚಿನ ಚಾವಣಿಯಾದವು. ಊಟಿಗೆ ಹೋದವರು ಆ ಚರ್ಚಿನೊಳಗೆ ತಲೆ ಎತ್ತಿ ನೋಡಿ. ದಿವಾನ್‌ ಪೂರ್ಣಯ್ಯ 1804ರಲ್ಲಿ ಉತ್ತರದ ಕವಲಿಗೆ ವೆಲ್ಲೆಸ್ಲಿ ಸೇತುವೆ ಕಟ್ಟಿಸಿದರು. ಇದು ಆರ್ಥರನ ಹೆಸರಲ್ಲ, ಅವನ ಅಣ್ಣ ಗವರ್ನರ್‌ ಜನರಲ್‌ನದು. ಕಲ್ಲುಗಂಬಗಳನ್ನು ಸಾಲಾಗಿ ನೆಟ್ಟು ಮೇಲೆ ಚಪ್ಪಡಿ ಹಾಸಿದ್ದಾರೆ, ನಮ್ಮ ಗುಡಿಗಳ ಮಂಟಪವನ್ನು ಎಳೆದು ಉದ್ದ ಮಾಡಿದಂತೆ ಕಾಣುತ್ತದೆ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಅದರ ಮೇಲೆ ಓಡಾಟ ನಿಲ್ಲಿಸುತ್ತಾರೆ.

ಬ್ರಿಟಿಷರನ್ನು ಇಲ್ಲಿಂದ ಓಡಿಸಿದ್ದೂ ಕೊನೆಗೆ ಇದೇ ನೀರು. ಚಳಿಜ್ವರ ಸಿಪಾಯಿಗಳನ್ನು ಹುರಿದು ಮುಕ್ಕಿತು. ಹೊಳೆಯ ಹತ್ತಿರ ದಂಡಿನ ಸ್ಮಶಾನವಿದೆ, ಸ್ವಿಟ್ಜರ್ಲೆಂಡಿನ ದ ಮ್ಯೂರಾನ್‌ ರೆಜಿಮೆಂಟಿನವರು ಅಲ್ಲಿ ಮಲಗಿದ್ದಾರೆ. ಗೋರಿಕಲ್ಲಿನ ಮೇಲೆ ವಯಸ್ಸು ಓದಿ ನೋಡಿದರೆ ಸಂಕಟವಾಗುತ್ತದೆ. ಹುಡುಗರು, ಹಸುಗೂಸುಗಳು. 1809ರಲ್ಲಿ ದಂಡು ಬೆಂಗಳೂರಿಗೆ ಹೊರಟಿತು. ಬೆಂಗಳೂರಿನವರು ಇಲ್ಲಿದ್ದರೆ ಕೇಳಿಸಿಕೊಳ್ಳಿ, ನಿಮ್ಮ ದಂಡು ಪ್ರದೇಶದ ಹುಟ್ಟಿಗೆ ಪಟ್ಟಣದ ಸೊಳ್ಳೆಗಳ ಕೊಡುಗೆಯೂ ಇದೆ.

ರೈಲಿನ ವಿಷಯ ಹೇಳಿ ಮುಗಿಸುತ್ತೇನೆ. 1880ರ ದಶಕದ ಆರಂಭದಲ್ಲಿ ಹಾಕಿದ ಹಳಿ ಕೋಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಮೈಸೂರು ಹಳಿಯನ್ನು ಜೋಡಿ ಮಾಡುವಾಗ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಅರ್ಧ ನೆಲದೊಳಗೆ ಹುದುಗಿದ, ಇಟ್ಟಿಗೆ ಗಾರೆಯ, ಸುಮಾರು ಸಾವಿರ ಟನ್‌ ತೂಕದ ಕಟ್ಟಡ. ಕೆಡವಲು ಬಿಡಲಿಲ್ಲ. ಸುತ್ತ ಅಗೆದು, ಬುಡ ಕೊಯ್ದು, ಅಡಿಗೆ ಉಕ್ಕಿನ ತೊಲೆ ತೂರಿಸಿ, ಜಾಕಿ ಹಚ್ಚಿ ಎತ್ತಿ, 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಇಡಿಯಾಗಿ ಸರಿಸಿದರು. ನೋಡಲು ಹೋಗಿದ್ದೆ. ಅದು ಚಲಿಸುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಗಡಿಯಾರದ ಚಿಕ್ಕ ಮುಳ್ಳಿನ ಹಾಗೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜ, 'ನಮ್ಮನೆ ಹಿತ್ಲ ಗೋಡೆ ಹಿಂಗೇ ಎರಡಡಿ ಆ ಕಡೆ ತಳ್ಳಾಕಾಯ್ತದಾ ಕೇಳು, ದಾಯಾದಿ ಜಗಳ ಮುಗೀತದೆ' ಅಂದ.

ಸಭೆಯ ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ. ಒಬ್ಬರು, 'ಹೊಸ ಹೆದ್ದಾರಿ ಪಟ್ಟಣದ ಆಚೆಯಿಂದ ಹೋಗುತ್ತದಲ್ಲ ಸಾರ್‌, ಇಳಿಯುವವರು ಕಡಿಮೆಯಾಗುವುದಿಲ್ಲವೇ' ಎಂದರು. ಬೈಪಾಸ್‌ ಆದಮೇಲೆ ಸುಮ್ಮನೆ ಟೀ ಕುಡಿಯಲು ನಿಲ್ಲುತ್ತಿದ್ದವರು ಹೋದರು ನಿಜ. ಅವರು ಆಗಲೂ ಹೊಳೆ ನೋಡುತ್ತಿರಲಿಲ್ಲ. ರೈಲಿನಲ್ಲಿ ಬನ್ನಿ. ಸ್ಟೇಷನ್ನಿನಲ್ಲಿ ಇಳಿದರೆ ನೀವು ಆಗಲೇ ಕೋಟೆಯೊಳಗಿರುತ್ತೀರಿ. ಗುಡಿ, ಬಿರುಕು, ಬಂದೀಖಾನೆ, ಒಳಬಾಗಿಲು ಎಲ್ಲ ನಡಿಗೆಯ ದೂರ. ಊಟವಾದ ಮೇಲೆ ಆಟೋ ಹಿಡಿದು ದರಿಯಾ ದೌಲತ್‌, ಗಂಜಾಂ, ಸಂಗಮ.

ಇನ್ನೊಬ್ಬಳು ಕಾಲೇಜು ಹುಡುಗಿ, ಯಾವ ತಿಂಗಳು ಒಳ್ಳೆಯದು ಎಂದು ಕೇಳಿದಳು. ಸಂಕ್ರಾಂತಿ ಸಂಜೆ ಹೋಗಮ್ಮ, ರಂಗನಾಥನ ಗುಡಿಯಲ್ಲಿ ಲಕ್ಷದೀಪೋತ್ಸವ ಇರುತ್ತದೆ ಎಂದೆ. ಮೇ ತಿಂಗಳ ಮಧ್ಯಾಹ್ನ ಒಂದು ಸಲ, ಕೊಡೆ ಹಿಡಿದುಕೊಂಡು. ಆಗಸ್ಟಿನಲ್ಲಿ ಕೆಆರ್‌ಎಸ್‌ ತುಂಬಿದ ಸುದ್ದಿ ಬಂದ ಮರುದಿನ ಇನ್ನೊಂದು ಸಲ, ಅದೇ ಗೋಡೆಯಂಚಿಗೆ. ಆ ಬಟ್ಟೆ ಗಂಟಿನ ಹೆಂಗಸು ನಡೆದುಬಂದ ಬಂಡೆಗಳಲ್ಲಿ ಒಂದಾದರೂ ಕಾಣಿಸಿದರೆ ನನಗೆ ಫೋನ್‌ ಮಾಡು ಎಂದು ನಂಬರು ಕೊಟ್ಟಿದ್ದೇನೆ.